ಯಾರನ್ನೋ ಹೋಲುವ ಗೊಂಬೆ

ತಾನಾಗ್ರ ಊರಿನ ಕುಂಬಾರಗೇರಿಯಲ್ಲಿ ದಾಮತ್ರಿಯ ಎಂಬವಳು ಒಂದು ಕಡೆ ಕೂತು ಕೆಲಸ ಮಾಡಿದ್ದನ್ನು ಕಂಡವರಿಲ್ಲ. ಮಣ್ಣು ನಾದುವಾಗಲೂ ನಿಂತೇ ಇರುತ್ತಿದ್ದಳು. ಅಚ್ಚಿಗೆ ಒತ್ತಿದ ಮಣ್ಣು ತುಸು ಆರುವಷ್ಟರಲ್ಲಿ ಬಾಗಿಲಿಗೆ ಹೋಗಿ ಬೀದಿ ನೋಡುವಳು, ಗೊಂಬೆ ಸುಡುವ ಆವಿಗೆಯ ಗೋಡೆ ಮುಟ್ಟಿ ಬಿಸಿ ನೋಡುವಳು, ಮತ್ತೆ ಬಾಗಿಲಿಗೆ. ಅವಳ ಅತ್ತೆ ಥಿಯೊದೋತ ಮಾತ್ರ ಮೂಲೆಯ ಮಣೆ ಬಿಟ್ಟು ಏಳುತ್ತಿರಲಿಲ್ಲ. ಮೊಣಕಾಲು ಹಿಡಿದುಹೋಗಿ ವರ್ಷಗಳಾಗಿದ್ದವು. ನಾಲಿಗೆಗೆ ಏನೂ ಆಗಿರಲಿಲ್ಲ.

"ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದೀಯೇನೆ? ಒಂದು ಗಳಿಗೆ ಕೂತ್ಕೋ. ನಿನ್ನ ನೋಡಿ ನೋಡಿ ನಂಗೆ ತಲೆ ಸುತ್ತು ಬರುತ್ತೆ."

"ನನ್ನ ಪಾಲಿಂದೂ ಸೇರಿಸಿ ನೀವೇ ಕೂತಿದೀರಲ್ಲ ಅತ್ತೆ, ಸಾಕು."

ಆ ಮನೆಯಲ್ಲಿ ಮಾಡುತ್ತಿದ್ದದ್ದು ಕೂತ ದೇವಿಯ ಗೊಂಬೆ. ಮೊಣಕಾಲ ಮೇಲೆ ಎರಡು ಕೈ, ನೆಟ್ಟಗಿನ ಬೆನ್ನು, ತುಟಿಯ ತುದಿಯಲ್ಲಿ ಸಣ್ಣ ನಗು. ಗುಡಿಗೆ ಕೊಡುವವರೂ ಅದನ್ನೇ ಒಯ್ಯುತ್ತಿದ್ದರು, ಸತ್ತವರ ಜೊತೆ ಇಡುವವರೂ ಅದನ್ನೇ. ಅಚ್ಚು ಥಿಯೊದೋತಳ ಅತ್ತೆಯ ಕಾಲದ್ದು. ಅದಕ್ಕೂ ಹಿಂದಿನವು ಮೇಲಿನ ಹಲಗೆಯಲ್ಲಿ ಧೂಳು ತಿನ್ನುತ್ತ ನಿಂತಿದ್ದವು: ಹಪ್ಪಳದಂತೆ ಚಪ್ಪಟೆ ಮೈ, ಎರಡು ಬೆರಳಲ್ಲಿ ಚಿವುಟಿ ತೆಗೆದ ಹಕ್ಕಿಮೂತಿ, ಕಾಲಿನ ಸುಳಿವೇ ಇಲ್ಲ.

ದಾಮತ್ರಿಯಳಿಗೆ ಇವು ಯಾವುವೂ ಒಗ್ಗುತ್ತಿರಲಿಲ್ಲ. ಸ್ಮಶಾನದ ದಾರಿಯಲ್ಲಿ ಮುತ್ತಜ್ಜಂದಿರ ಕಾಲದ ಕಲ್ಲಿನ ಹುಡುಗನೊಬ್ಬನಿದ್ದ. ಮುಷ್ಟಿ ಬಿಗಿದು, ಎಡಗಾಲು ಮುಂದಿಟ್ಟು, ಆ ದೇವಿಯ ನಗುವನ್ನೇ ನಗುತ್ತಿದ್ದ. ಹೆಜ್ಜೆ ಇಟ್ಟಿದ್ದಾನೆ, ಆದರೆ ಎಲ್ಲಿಗೂ ಹೊರಟಿಲ್ಲ ಎಂದು ಅವಳಿಗೆ ಸಿಟ್ಟು. ಗುಡಿಯಲ್ಲಿ ಟಗರು ಹೊತ್ತ ದೇವರು ಹರ್ಮೆಸ್ ಇದ್ದ. ಅವನು ನಂತರದವರ ಕೈಕೆಲಸ. ನಗು ಬಿಟ್ಟಿದ್ದ, ಚರ್ಮದ ಕೆಳಗೆ ಎಲುಬಿತ್ತು, ಎದೆಯಲ್ಲಿ ಉಸಿರಿತ್ತು. ಆದರೂ ಎದುರಿಗೆ ನಿಂತವರು ಇದ್ದರೂ ಒಂದೇ ಹೋದರೂ ಒಂದೇ ಎನ್ನುವ ಹಾಗಿದ್ದ. ಮದುವೆಯಾದ ಹೊಸದರಲ್ಲಿ ಹಬ್ಬಕ್ಕೆಂದು ಥೆಸ್ಪಿಯೆಗೆ ಹೋದಾಗ ಅಥೆನ್ಸಿನವನೊಬ್ಬ ಕಡೆದ ರೆಕ್ಕೆಯ ಹುಡುಗನನ್ನು ನೋಡಿದಳು. ಅಮೃತಶಿಲೆ. ಸೊಂಟ ಒಂದು ಕಡೆ ವಾಲಿಸಿ, ಆಡಿ ದಣಿದವನಂತೆ, ಇನ್ನೇನು ಕಾಲು ಬದಲಿಸುತ್ತಾನೆ ಎನ್ನುವ ಹಾಗೆ ನಿಂತಿದ್ದ. ಬದಲಿಸಲಿ ಎಂದು ಅವಳು ಹೊತ್ತು ಇಳಿಯುವವರೆಗೂ ಕಾದಳು. ಗಂಡ ಕಫೀಸಿಯಸ್ ಕೈಹಿಡಿದು ಎಳೆದುಕೊಂಡು ಬರಬೇಕಾಯಿತು.

ಅಂದಿನಿಂದ ಅವಳ ಕೈ ನಿಲ್ಲಲಿಲ್ಲ. ನಿಂತ ಹೆಂಗಸು, ನಡೆಯುವ ಹೆಂಗಸು, ತಿರುಗಿ ನೋಡುವ ಹೆಂಗಸು. ಮಾಡಿದ್ದೆಲ್ಲ ಪಾದದ ಗಂಟಿನಲ್ಲೇ ಮುರಿಯುತ್ತಿತ್ತು, ಇಲ್ಲವೆ ಆವಿಗೆಯಲ್ಲಿ ಮಕಾಡೆ ಬೀಳುತ್ತಿತ್ತು.

"ನೋಡು, ಅವಕ್ಕೂ ನಿನ್ನ ರೋಗವೇ," ಎನ್ನುತ್ತಿದ್ದಳು ಥಿಯೊದೋತ. "ದೇವಿ ಕೂತಿದಾಳೆ ಅಂದ್ರೆ ಅದಕ್ಕೊಂದು ಅರ್ಥ ಇದೆ ಕಣೆ. ಕೂತವಳು ಬೀಳೋದಿಲ್ಲ."

ಆ ಶರತ್ಕಾಲದಲ್ಲಿ ಪಡುವಣ ದಿಕ್ಕಿನಲ್ಲಿ ಹೊಗೆ ಎದ್ದಿತು. ಮಕೆದೋನಿಯದ ಅರಸ ಪಕ್ಕದ ಥೀಬ್ಸ್ ಪಟ್ಟಣವನ್ನು ನೆಲಸಮ ಮಾಡಿದನೆಂದು ಸುದ್ದಿ ಬಂತು. ಉಳಿದವರನ್ನೆಲ್ಲ ಗುಲಾಮರಾಗಿ ಮಾರಿದರಂತೆ. ತಪ್ಪಿಸಿಕೊಂಡವರಿಗೆ ಯಾರೂ ನೆರಳು ಕೊಡಕೂಡದೆಂದು ಕಟ್ಟಪ್ಪಣೆಯಾಯಿತು. ಸಂತೆಯಲ್ಲಿ ಜನ ದನಿ ತಗ್ಗಿಸಿ ಮಾತಾಡತೊಡಗಿದರು.

ಒಂದು ಮುಂಜಾನೆ ದಾಮತ್ರಿಯ ಆವಿಗೆಯ ಬೂದಿ ತೆಗೆಯಲು ಹಿತ್ತಲಿಗೆ ಹೋದಾಗ, ಬಿಸಿ ಗೋಡೆಗೆ ಆತು ಹೆಂಗಸೊಬ್ಬಳು ನಿಂತಿದ್ದಳು. ತಲೆಯಿಂದ ಪಾದದವರೆಗೆ ಒಂದೇ ಹೊದಿಕೆ ಸುತ್ತಿಕೊಂಡಿದ್ದಳು, ಮುಖವಷ್ಟೇ ಕಾಣುತ್ತಿತ್ತು. ಅಳುತ್ತಿರಲಿಲ್ಲ.

"ಥೀಬ್ಸಾ?" ದಾಮತ್ರಿಯ ಕೇಳಿದಳು.

"ಹೂಂ. ಆಂಥಿಯ ಅಂತ. ಸ್ವಲ್ಪ ಬೆಚ್ಚಗಾದ್ಮೇಲೆ ಹೋಗ್ತೀನಿ."

ಹೋಗಗೊಡಲಿಲ್ಲ. ಒಳಗೆ ಕರೆದು ಬಾರ್ಲಿ ರೊಟ್ಟಿ, ಅಂಜೂರ ಕೊಟ್ಟರು. ಕಾಳಗದ ಹುಂಜಗಳನ್ನು ಸಾಕುವುದೇ ಬದುಕೆಂದುಕೊಂಡಿದ್ದ ಕಫೀಸಿಯಸ್ ಅವಳನ್ನು ನೋಡಿ ಬಿಳಿಚಿಕೊಂಡ.

"ಗೊತ್ತಾದ್ರೆ ನನ್ನ ಹುಂಜಗಳ ಜೊತೆ ನನ್ನೂ ಮಾರ್ತಾರೆ ಕಣೆ!"

"ನಿನ್ನ ಯಾರು ಕೊಳ್ತಾರೋ?" ಎಂದಳು ತಾಯಿ ಮೂಲೆಯಿಂದ. "ಹುಂಜಕ್ಕಾದ್ರೂ ಜುಟ್ಟಿದೆ. ತೆಪ್ಪಗೆ ಕದ ಹಾಕು."

ಆಂಥಿಯ ಮಣ್ಣಿನ ರಾಶಿಯ ಹಿಂದೆ ಮಲಗುತ್ತಿದ್ದಳು. ಹಗಲೆಲ್ಲ ಕಿಟಕಿಯ ಪಕ್ಕ ನಿಂತು ಬೀದಿಯ ಸದ್ದಿಗೆ ಕಿವಿಗೊಡುತ್ತಿದ್ದಳು. ಭಾರವೆಲ್ಲ ಬಲಗಾಲಿನ ಮೇಲೆ. ಎಡ ಮೊಣಕಾಲು ಬಟ್ಟೆಯೊಳಗೆ ತುಸು ಬಾಗಿ, ಕೂಗಿದರೆ ಓಡಲು ತಯಾರು. ಒಂದು ಕೈ ಹೊದಿಕೆಯ ಒಳಗೇ ಸೊಂಟದ ಮೇಲೆ. ಕತ್ತು ಬೀದಿಯ ಕಡೆಗೆ ಒಂದಿಷ್ಟು ತಿರುಗಿತ್ತು. ಎಳೆದು ಸುತ್ತಿದ ಬಟ್ಟೆಯ ನೆರಿಗೆಗಳು ಓರೆಯಾಗಿ ಹರಿದು ನೆಲದವರೆಗೂ ಇಳಿದಿದ್ದವು.

ದಾಮತ್ರಿಯಳಿಗೆ ಥಟ್ಟನೆ ಹೊಳೆಯಿತು. ನಿಲ್ಲಿಸುವುದು ಕಾಲಲ್ಲ, ಬಟ್ಟೆ! ನೆರಿಗೆ ನೆಲ ಮುಟ್ಟಿದರೆ ಗೊಂಬೆ ಬೀಳುವುದಿಲ್ಲ. ಒಳಗಿನ ಕಾಲು ಎಷ್ಟು ಬೇಕಾದರೂ ಚಡಪಡಿಸಲಿ.

ಕೇಳದೆಯೇ ಮಾಡಿದಳು. ಒಂದೊಂದು ಸಲ ಕಣ್ಣೆತ್ತಿ ನೋಡುವಾಗ ಕಳ್ಳತನ ಮಾಡಿದಂತೆ ಎದೆ ಹೊಡೆದುಕೊಳ್ಳುತ್ತಿತ್ತು. ಊರು ಕಳೆದುಕೊಂಡವಳ ಭಯವನ್ನೂ ಬಿಡದೆ ಎತ್ತಿಕೊಳ್ಳುತ್ತಿದ್ದೇನಲ್ಲ ಎಂದು. ಆದರೂ ಕೈ ಬಿಡಲಿಲ್ಲ. ಗೊಂಬೆಯಿಂದ ಅಚ್ಚು ತೆಗೆದಳು, ಸುಟ್ಟಳು, ಒತ್ತಿದಳು. ಆವಿಗೆಯಿಂದ ಬಂದದ್ದು ಒಂದೂ ಬಿದ್ದಿರಲಿಲ್ಲ.

ಆಂಥಿಯ ಒಂದನ್ನು ಎತ್ತಿ ತಿರುಗಿಸಿ ನೋಡಿದಳು. "ಇದು ನಾನಲ್ವಾ?"

"ಅಲ್ಲ... ಯಾರೋ."

"ಮೂಗು ನಂದೇ. ನಮ್ಮತ್ತೆ ಬೈತಿದ್ದಿದ್ದೂ ಹೀಗೆ ನಿಲ್ತೀಯ ಅಂತಾನೇ." ಹಾಗೆಂದವಳು ಗೊಂಬೆಯನ್ನು ಮೆಲ್ಲಗೆ ಕೆಳಗಿಟ್ಟು ಮತ್ತೆ ಕಿಟಕಿಗೆ ಹೋದಳು.

ಸಂತೆಯ ದಿನ ದಾಮತ್ರಿಯ ಕೂತ ದೇವಿಯರ ನಡುವೆ ನಿಂತವಳನ್ನೂ ಇಟ್ಟಳು. ಹೆಂಗಸರು ಮುತ್ತಿಕೊಂಡರು. ದೇವಿಯಂತೂ ಅಲ್ಲ, ಮತ್ತೆ ಯಾರಿದು ಎಂದು ಕೇಳಿದರು, ನಕ್ಕರು, ತಮ್ಮ ಸೆರಗನ್ನೂ ಹಾಗೆ ಎಳೆದು ನೋಡಿಕೊಂಡರು. ಅಷ್ಟರಲ್ಲಿ ಊರೂರು ತಿರುಗುವ ಉಣ್ಣೆ ವ್ಯಾಪಾರಿಯೊಬ್ಬ ಗೊಂಬೆಯನ್ನು ಕೈಗೆತ್ತಿಕೊಂಡು ದೊಡ್ಡ ಗಂಟಲಲ್ಲಿ ಕೂಗಿದ.

"ಅರೆ! ಇದು ಥೀಬ್ಸಿನ ಆಂಥಿಯ! ಕೆರೆಬಾಗಿಲ ಹತ್ರ ಮನೆ, ಎಷ್ಟು ಸಲ ಉಣ್ಣೆ ಹಾಕಿದೀನಿ. ಹೀಗೆ ನಿಲ್ಲೋಳು ಅವಳೊಬ್ಬಳೇ. ಎಲ್ಲಿ ಸಿಕ್ಕಿದ್ಳಮ್ಮಾ ನಿಂಗೆ?"

ಅವನಿಗೆ ಕೇಡಿನ ಯೋಚನೆಯಿರಲಿಲ್ಲ. ಆದರೆ ಪಕ್ಕದಲ್ಲಿ ಗಿಡ್ಡ ಮೇಲಂಗಿಯ ಗಂಡಸೊಬ್ಬ ಈರುಳ್ಳಿ ಕಚ್ಚುತ್ತ ನಿಂತಿದ್ದ. ಗುಲಾಮರ ವ್ಯಾಪಾರಿಯ ಆಳು, ಉತ್ತರದವನು. ಅಗಿಯುವುದನ್ನು ನಿಲ್ಲಿಸಿದ.

"ಯಾವಾಗಲೋ ಹಬ್ಬದಲ್ಲಿ ನೋಡಿದ್ದೆ," ಎಂದಳು ದಾಮತ್ರಿಯ. ಗಿಡ್ಡ ಮೇಲಂಗಿಯವನು ಗೊಂಬೆಯನ್ನು ಚೀಲಕ್ಕೆ ಹಾಕಿಕೊಂಡು, ಅವಳ ಮನೆ ಯಾವ ಕಡೆಗೆಂದು ಪಕ್ಕದ ಅಂಗಡಿಯವನನ್ನು ವಿಚಾರಿಸಿದ. ಅವಳು ಬುಟ್ಟಿಯನ್ನು ಅಲ್ಲೇ ಬಿಟ್ಟು ಓಡಿದಳು.

ಇಷ್ಟು ವರ್ಷ ಮನೆಯಿಂದ ಗೊಂಬೆಗಳು ಹೋಗಿದ್ದವು. ಅವುಗಳಿಂದ ಯಾರಿಗೂ ಏನೂ ಆಗಿರಲಿಲ್ಲ, ಏಕೆಂದರೆ ಅವು ಯಾರನ್ನೂ ಹೋಲುತ್ತಿರಲಿಲ್ಲ. ಆ ಹಕ್ಕಿಮೂತಿಯನ್ನು ಹಿಡಿದು ಯಾರನ್ನು ಹುಡುಕಲಾದೀತು? ಓಡುತ್ತ ಇದನ್ನೇ ನೆನೆದು ನೆನೆದು ಅವಳಿಗೆ ತನ್ನ ಕೈಗಳ ಮೇಲೆಯೇ ಹೇಸಿಗೆಯಾಯಿತು.

ಮನೆಯಲ್ಲಿ ವಿಷಯ ಕೇಳಿದ ಕಫೀಸಿಯಸ್ ತಲೆ ಮೇಲೆ ಕೈ ಹೊತ್ತ. ಆಂಥಿಯ ಹಿತ್ತಲ ಬಾಗಿಲ ಕಡೆ ನಡೆದಳು.

"ನಿಲ್ಲೇ!" ಥಿಯೊದೋತ ಗದರಿದಳು. "ಆ ನಡಿಗೇಲಿ ಹೋದ್ರೆ ಬೀದಿ ತಿರುಗೋದ್ರೊಳಗೆ ಹಿಡೀತಾರೆ. ಬಾ ಇಲ್ಲಿ. ನನ್ನ ಹೊದಿಕೆ ತಗೋ, ಕೋಲು ತಗೋ. ಬೆನ್ನು ಬಗ್ಗಿಸು. ಇನ್ನೂ. ಮೊಣಕಾಲು ಮಡಿಸ್ಬೇಡ, ಮರದ ಕೊರಡು ಎಳೆದ ಹಾಗೆ ಎಳೀ. ಥೂ, ಅದು ಕುಣಿತ! ನೋವಿರೋರು ಮುಖ ಹಿಂಡಲ್ಲ ಕಣೆ, ನೆಲ ನೋಡ್ತಾರೆ."

ಆಂಥಿಯ ಕೋಣೆಯ ಆ ತುದಿಯಿಂದ ಈ ತುದಿಗೆ ನಡೆದಳು. ಮುದುಕಿ ಒಪ್ಪಲಿಲ್ಲ, ಮತ್ತೆ ನಡೆಸಿದಳು. ದಾಮತ್ರಿಯ ಬಾಗಿಲಿಗೂ ಒಳಕ್ಕೂ ಸುತ್ತುತ್ತಿದ್ದಳು. ಕೊನೆಗೆ ಅತ್ತೆ ಮಗನ ಕಡೆ ತಿರುಗಿದಳು.

"ಔಲಿಸ್‌ನಲ್ಲಿ ಹುಂಜದ ಕಾಳಗ ಇದೆ ಅಂತ ವಾರದಿಂದ ಪ್ರಾಣ ತಿಂತಿದ್ದೆಯಲ್ಲ? ಹೋಗು. ಈ ನಿನ್ನ ಚಿಕ್ಕಮ್ಮನ್ನೂ ಕರ್ಕೊಂಡು ಹೋಗು. ಅಲ್ಲಿನ ಬಂದರಿನ ದೋಣಿಯವರು ನಿನ್ನ ಗೆಳೆಯರು ತಾನೆ?"

"ಅಮ್ಮಾ, ನಂಗೆ ಕೈ ನಡುಗ್ತಿದೆ."

"ಪಂಜರ ಗಟ್ಟಿಯಾಗಿ ಹಿಡ್ಕೋ. ಹುಂಜ ನಡುಗ್ತಿದೆ ಅನ್ಕೋತಾರೆ."

ನಡುಹಗಲಲ್ಲಿ, ಎಲ್ಲರ ಕಣ್ಣೆದುರು, ಅವರು ಮುಂಬಾಗಿಲಿನಿಂದಲೇ ಹೊರಟರು. ಕಫೀಸಿಯಸ್ ಮುಂದೆ, ಕಾಲೆಳೆಯುವ ಮುದುಕಿ ಹಿಂದೆ. ಬೀದಿಯ ಬಾವಿಯ ಬಳಿ ಗಿಡ್ಡ ಮೇಲಂಗಿಯವನು ಎದುರಾದ. ದಾಮತ್ರಿಯ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಹುಂಜ ಕೂಗಿತು. ಅವನು ಹುಂಜವನ್ನು ನೋಡಿದ, ಮುದುಕಿಗೆ ದಾರಿ ಬಿಟ್ಟ.

ಅವಳು ಒಳಗೆ ಹಾರಿ ಅಚ್ಚನ್ನು ಎತ್ತಿಕೊಂಡಳು. ಪೂರಾ ಒಡೆಯಲು ಮನಸ್ಸು ಬರಲಿಲ್ಲ. ಕತ್ತಿನ ಹತ್ತಿರ ಕಲ್ಲಿನಿಂದ ಕುಟ್ಟಿದಳು. ಮುಖದ ಭಾಗ ಚೂರಾಗಿ ಉದುರಿತು.

ಬಂದವನು ಗೊಂಬೆಯನ್ನು ಮುಂದೆ ಹಿಡಿದ. "ಇವಳೆಲ್ಲಿ?"

"ಇವಳು ಅಂತ ಯಾರೂ ಇಲ್ಲ," ಎಂದಳು ದಾಮತ್ರಿಯ. ಮಾತಾಡುತ್ತಲೇ, ನಿಂತರೆ ಎಲ್ಲಿ ನಡುಕ ಕಾಣುತ್ತದೋ ಎಂದು, ಒದ್ದೆ ಮಣ್ಣು ಎತ್ತಿ ತಲೆಯಿಲ್ಲದ ಅಚ್ಚಿಗೆ ಒತ್ತತೊಡಗಿದಳು. "ನಮ್ಮಲ್ಲಿ ಮೈ ಬೇರೆ, ತಲೆ ಬೇರೆ. ಯಾವ ತಲೆ ಬೇಕಾದ್ರೂ ಇಡ್ತೀವಿ. ನೋಡಿ." ಹಿಂದೆಂದೂ ಹಾಗೆ ಮಾಡಿರಲಿಲ್ಲ. ಹೊಸದಾಗಿ ಒತ್ತಿಟ್ಟಿದ್ದ ಕೂತ ದೇವಿಯ ತಲೆಯನ್ನು ದಾರದಿಂದ ಕತ್ತರಿಸಿ, ನಿಂತವಳ ಕತ್ತಿಗೆ ಕೂರಿಸಿ, ನೀರು ಸವರಿ ಬೆರಳಿಂದ ತೀಡಿದಳು. ಚಡಪಡಿಸುವ ಮೈಯ ಮೇಲೆ ಮುತ್ತಜ್ಜಿಯರ ನಗು.

"ಹಾಗಾದ್ರೆ ಈ ಮುಖದ ಅಚ್ಚು ಎಲ್ಲಿ?"

"ಒಡೆದುಹೋಯ್ತು."

"ಮುಖ ನಂದು ಕಣಪ್ಪಾ," ಎಂದಳು ಥಿಯೊದೋತ ಮೂಲೆಯಿಂದ. "ವಯಸ್ಸಲ್ಲಿ ಹೀಗೇ ಇದ್ದೆ. ಹತ್ರ ಬಾ, ನೋಡು. ನಂಬಿಕೆ ಇಲ್ವಾ?"

ಅವನಿಗೆ ನಗು ಬಂತು. ಆದರೂ ಮಣ್ಣಿನ ರಾಶಿಗೆ ಕೋಲು ಚುಚ್ಚಿ ನೋಡಿದ, ಆವಿಗೆಯೊಳಗೆ ಬಗ್ಗಿ ನೋಡಿದ. "ಈಗ ಹೊರಗೆ ಹೋದ ಮುದುಕಿ ಯಾರು?"

"ನನ್ನ ತಂಗಿ. ನಮ್ಮ ವಂಶದಲ್ಲೇ ಮೊಣಕಾಲು ಸರಿಯಿಲ್ಲ."

ಅವನು ಹೋದ. ಗೊಂಬೆಯನ್ನು ಮಾತ್ರ ಜೊತೆಗೇ ಒಯ್ದ.

ಮಾರನೆಯ ಸಂಜೆ ಕಫೀಸಿಯಸ್ ಖಾಲಿ ಪಂಜರದೊಂದಿಗೆ ಬಂದ. ಅಥೆನ್ಸಿನ ಕಡೆ ಹೋಗುವ ದೋಣಿ ಸಿಕ್ಕಿತ್ತು. ಅಪಾಯದ ಬಾಡಿಗೆಯಾಗಿ ದೋಣಿಯವನು ಹುಂಜವನ್ನೇ ಕೇಳಿದನಂತೆ. "ಕೊಟ್ಟುಬಿಟ್ಟೆ ಕಣೆ," ಎಂದು ಅವನು ಕೂತು ಅತ್ತ. ಅವನನ್ನು ಯಾರೂ ಗೇಲಿ ಮಾಡಲಿಲ್ಲ, ತಾಯಿ ಕೂಡ.

ದೇವಿಯ ತಲೆಯಿಟ್ಟ ಗೊಂಬೆಯನ್ನು ಸುಟ್ಟು ಹಲಗೆಯ ಮೇಲಿಟ್ಟಿದ್ದರು. ಅದನ್ನು ನೋಡಿದ ಹೆಂಗಸರು ನಮಗೂ ಮಾಡಿಕೊಡು ಎಂದರು. ತಲೆ ಮಾತ್ರ ಬೇರೆ ಇರಲಿ ಎಂದರು. ದಾಮತ್ರಿಯ ಪುಟ್ಟ ಪುಟ್ಟ ತಲೆಗಳ ಅಚ್ಚು ಮಾಡಿದಳು, ಯಾರದೂ ಅಲ್ಲದ ಮುಖಗಳು. ಮೈ ಒಂದೇ. ಒಂದಕ್ಕೆ ಕತ್ತು ಎಡಕ್ಕೆ ತಿರುಗಿಸಿದಳು, ಒಂದಕ್ಕೆ ಬಿಸಿಲಿನ ಟೋಪಿ, ಒಂದಕ್ಕೆ ಕೈಯಲ್ಲಿ ಬೀಸಣಿಗೆ. ಬಿಳಿ ಬಳಿದು, ಸೆರಗಿಗೆ ಗುಲಾಬಿ ಬಣ್ಣ, ಅಂಚಿಗೆ ನೀಲಿ. ಕೂತ ದೇವಿಯನ್ನು ಕೇಳುವವರು ಕಡಿಮೆಯಾದರು.

ಕೆಲಸ ಹೆಚ್ಚಿತು, ನೆಮ್ಮದಿ ಹೆಚ್ಚಲಿಲ್ಲ. ಆ ಚೀಲದಲ್ಲಿ ಹೋದ ಗೊಂಬೆ ಯಾವ ಯಾವ ಬಂದರಿನಲ್ಲಿ ಯಾರ ಯಾರ ಕೈಗೆ ಹೋಯಿತೋ, ಅದನ್ನು ಯಾರ ಮುಖದ ಪಕ್ಕ ಹಿಡಿದು ನೋಡಿದರೋ ಎಂಬ ಯೋಚನೆ ಅವಳನ್ನು ಊಟದ ನಡುವೆ ಎಬ್ಬಿಸುತ್ತಿತ್ತು. ಔಲಿಸ್‌ನ ದೋಣಿಯವರು ಪ್ರತಿ ಸಲ ಬೇರೆ ಬೇರೆ ಕತೆ ಹೇಳುತ್ತಿದ್ದರು: ಆಂಥಿಯ ದಡ ಸೇರಿದಳು, ಗಾಳಿಗೆ ದೋಣಿ ಯುಬೋಯ ದ್ವೀಪದ ಕಡೆ ತಿರುಗಿತು, ಬೇರೆ ದೋಣಿ ಹತ್ತಿದಳು.

ಥಿಯೊದೋತ ತೀರಿಕೊಂಡ ಮೇಲೆ ದಾಮತ್ರಿಯ ಅಥೆನ್ಸಿಗೇ ನಡೆದುಕೊಂಡು ಹೋದಳು. ಕುಂಬಾರರ ಬೀದಿಗಳಲ್ಲಿ, ಬಾವಿಕಟ್ಟೆಗಳಲ್ಲಿ ವಿಚಾರಿಸಿದಳು. ಊರ ಹೊರಗಿನ ಸಮಾಧಿಗಳಲ್ಲಿ ಕಲ್ಲಿನ ಹೆಂಗಸರು ಒಡವೆ ಪೆಟ್ಟಿಗೆ ನೋಡುತ್ತ, ಕೈಹಿಡಿದು ಬೀಳ್ಕೊಳ್ಳುತ್ತ ಸಾಲಾಗಿದ್ದರು. ಒಂದೊಂದರ ಮುಖವನ್ನೂ ದಿಟ್ಟಿಸಿ ನೋಡಿದಳು, ಗಾಬರಿಯಿಂದ. ಅಂಥ ಮೂಗು ಎಲ್ಲೂ ಇರಲಿಲ್ಲ. ಅದರಿಂದ ಸಮಾಧಾನವಾಯಿತೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ.

ಮನೆಗೆ ಬಂದವಳು ಕಾಲು ತೊಳೆಯುವ ಮೊದಲೇ ಮಣ್ಣಿಗೆ ನೀರು ಹಾಕಿದಳು.

"ಸಿಕ್ಕಿದ್ಳಾ?" ಕಫೀಸಿಯಸ್ ಕೇಳಿದ.

"ಇಲ್ಲ."

"ಮತ್ತೆ ಹೋಗ್ತೀಯಾ?"

"ಯುಬೋಯದ ಕಡೆ ಇನ್ನೂ ನೋಡಿಲ್ಲ," ಎಂದು ಅವಳು ಬಾಗಿಲಿಗೆ ಹೋಗಿ ಬೀದಿ ನೋಡಿದಳು.