ಬಾಯಿ ತಾಗದ ಪೈಪು

ಈಚೆಗೆ ನಾನು ಯಾವ ಕುರ್ಚಿಯಲ್ಲಿ ಕೂರುವ ಮೊದಲೂ ಅದರ ಆಸನವನ್ನು ಅಂಗೈಯಿಂದ ಒಮ್ಮೆ ಸವರುತ್ತೇನೆ. ಮದುವೆಮನೆಯಲ್ಲೂ, ಬ್ಯಾಂಕಿನಲ್ಲೂ, ಹಲ್ಲಿನ ಡಾಕ್ಟರ ಬಳಿಯಲ್ಲೂ. ನೋಡಿದವರು ನನ್ನನ್ನು ಮಡಿವಂತನೆಂದು ಭಾವಿಸುತ್ತಾರೆ, ಭಾವಿಸಲಿ. ಕುಮಟೆಯ ನಮ್ಮ ನಿವೃತ್ತ ಮಾಸ್ತರ ಮನೆಯಲ್ಲಿ ಹಿಂದೊಮ್ಮೆ ಸವರದೆ ಕೂತಾಗ, ನನ್ನ ದೇಹಭಾರದಡಿ ಅವರ ಸೇದುವ ಪೈಪು ಎರಡು ಹೋಳಾಯಿತು.

ಡಾಕ್ಟರ ಮಾತಿಗೆ ತಲೆಬಾಗಿ ಮಾಸ್ತರು ಹೊಗೆಸೊಪ್ಪನ್ನು ಎಂದೋ ತ್ಯಜಿಸಿದ್ದರು, ಪೈಪನ್ನು ತ್ಯಜಿಸಿರಲಿಲ್ಲ. ಬೆಳಗಿನ ಪತ್ರಿಕೆಯ ಪದಬಂಧ ತುಂಬುವಾಗ ಖಾಲಿ ಪೈಪನ್ನು ಕಚ್ಚಿ ಬರಿಯ ಗಾಳಿಯನ್ನು ಸೇದುವುದು ಅವರ ವಾನಪ್ರಸ್ಥದ ಏಕೈಕ ವಿಲಾಸ. ಪೈಪು ಮುರಿದಂದಿನಿಂದ ಪದಬಂಧದ ಮನೆಗಳೆಲ್ಲ ಖಾಲಿ. ಬೈದಿದ್ದರೆ ನನಗೆ ನೆಮ್ಮದಿಯಾಗುತ್ತಿತ್ತು. ಅವರು ಹೆಬ್ಬೆರಳನ್ನು ತುಟಿಗೊತ್ತಿಕೊಂಡು ಕಿಟಕಿಯಾಚೆ ನೋಡಿದರು. ನಾನು ಅಂಗಡಿಯಿಂದ ತರಿಸಿಕೊಟ್ಟ ಪೈಪನ್ನು ಪರಮ ಸೌಜನ್ಯದಿಂದ ಪೆನ್ಸಿಲ್ ಡಬ್ಬಿಗೆ ಸೇರಿಸಿದರು.

ಮುರಿದ ಪೈಪು ಹೊನ್ನಾವರದ ಕೆತ್ತನೆಗಾರ ಗಣಪತಿಯ ತಂದೆ ಮಾಡಿದ್ದು. ಗಣಪತಿಯೂ ದೇವರ ವಿಗ್ರಹ ಕೆತ್ತುವವನು, ಮಾಸ್ತರ ಹಳೆಯ ಶಿಷ್ಯ ಬೇರೆ. ಅಂಥದ್ದೇ ಇನ್ನೊಂದು ಮಾಡಿಕೊಡೆಂದು ಅವನಲ್ಲಿಗೇ ಹೋದೆ. ಹುಣಸೆಮರದ ತುಂಡಿನಿಂದ ಅವನು ಕಡೆದ ಪೈಪಿನ ಬಟ್ಟಲನ್ನೂ, ಅದರ ನುಣುಪನ್ನೂ, ಮೈಸುತ್ತ ಹರಿದ ಮರದ ಗೆರೆಗಳನ್ನೂ ನಾನು ತಿರುಗಿಸಿ ತಿರುಗಿಸಿ ನೋಡಿದೆ. ಆದರೆ ಕೊಳವೆಯ ತೂತು ಬಟ್ಟಲಿನ ತಳಕ್ಕೆ ಸರಿಯಾಗಿ ಬಂದು ಕೂಡದಿದ್ದರೆ ಅಷ್ಟೂ ಕಲೆ ವ್ಯರ್ಥ. ಕೂಡಿತೋ ಇಲ್ಲವೋ ತಿಳಿಯಲು ಬಾಯಿಟ್ಟು ಎಳೆದು ನೋಡಬೇಕು. ವಿಗ್ರಹದ ಕೆಲಸ ನಡೆದಿರುವಷ್ಟು ದಿನ ಮಡಿಯಲ್ಲಿರುವ ಗಣಪತಿ ಅಂಥದ್ದಕ್ಕೆ ಬಾಯಿಡುವವನಲ್ಲ. ಸೈಕಲ್ ಪಂಪಿನಿಂದ ಗಾಳಿ ಹೊಡೆದು "ಆತು" ಎಂದ. ಪಂಪಿಗೆ ಒಲಿದ ತೂತು ನನಗೆ ಒಲಿಯಲಿಲ್ಲ. ಎಳೆದೆಳೆದು ಕೆನ್ನೆ ಒಳಸೇರಿತು. ಬೈರಿಗೆಯಿಂದ ಕೊರೆದು ತೂತನ್ನು ತುಸು ಹಿಗ್ಗಿಸು ಎಂದರೆ ಕೈ ಹಿಂದಕ್ಕೆಳೆದುಕೊಂಡ.

"ನೀವು ಬಾಯಿ ಹಚ್ಚಿ ಆತಲ್ಲ! ಎಂಜಲಿಗೆ ದೇವ್ರ ಕೆಲ್ಸದ ಬೈರಿಗೆ ತಾಗ್ಸೂದು ಹೇಗೆ ಮಾರಾಯ್ರೆ? ಬೇರೆ ಮಾಡಿಕೊಡ್ತೆ."

ಈ ತರ್ಕಶಾಸ್ತ್ರದ ಚಂದವನ್ನು ನೀವೇ ನೋಡಿ: ಬಾಯಿಡದೆ ದೋಷ ತಿಳಿಯದು, ಬಾಯಿಟ್ಟರೆ ದೋಷ ತಿದ್ದಲಾಗದು. ಎರಡನೆಯ ಪೈಪಿನ ಗತಿಯೂ ಇದೇ ಆಯಿತು. ಹೊನ್ನಾವರದ ಬಸ್ಸಿನ ಕಂಡಕ್ಟರು ನಾನು ಕೇಳದೆಯೇ ಟಿಕೆಟ್ ಕೊಡತೊಡಗಿದ. ಮೂರನೆಯ ಪೈಪನ್ನು ಗಣಪತಿ ಕೈಗಿತ್ತಾಗ ನನಗೆ ರೇಗಿಹೋಯಿತು. ಇನ್ನು ನಾನು ಬಾಯಿಡುವುದಿಲ್ಲ, ಅಲ್ಲಿ ಮಾಸ್ತರು ಎರಡು ತಿಂಗಳಿಂದ ಪದಬಂಧ ಮುಟ್ಟಿಲ್ಲ ಎಂದು ಕೂಗಾಡಿಬಿಟ್ಟೆ.

"ಎಂತ? ಮಾಸ್ತರು ಪದಬಂಧ ಬಿಟ್ರಾ?"

ಗಣಪತಿ ಅರ್ಧ ಕೆತ್ತಿದ ವಿಗ್ರಹಕ್ಕೆ ಬಟ್ಟೆ ಹೊದೆಸಿದ. ನನ್ನ ಕೈಯಿಂದ ಪೈಪನ್ನು ಕಸಿದು, ತಾನೇ ಬಾಯಿಗಿಟ್ಟು ಕಣ್ಣುಮುಚ್ಚಿ ಎಳೆದ. ಬೈರಿಗೆಯಿಂದ ಕೊರೆದ, ಮತ್ತೆ ಎಳೆದ. ಏಳೆಂಟು ಸಲ ಹೀಗಾದ ಮೇಲೆ ಪೈಪನ್ನು ಬಿಸಿನೀರಿನಲ್ಲಿ ತೊಳೆದುಕೊಟ್ಟು, ಆ ಬೈರಿಗೆಯನ್ನು ದೇವರ ಕೆಲಸದ ಪೆಟ್ಟಿಗೆಯಿಂದ ಬೇರೆ ಇಟ್ಟು, ಕೊಡ ಹಿಡಿದು ಸ್ನಾನಕ್ಕೆಂದು ಬಾವಿಕಟ್ಟೆಗೆ ನಡೆದ. ಕೂಗಾಡಿದ್ದಕ್ಕೆ ನನಗೆ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಮಾಸ್ತರು ಅದನ್ನು ಕಚ್ಚಿ ಒಮ್ಮೆ ಎಳೆದರು, ಇನ್ನೊಮ್ಮೆ ಎಳೆದರು, ಪತ್ರಿಕೆಯತ್ತ ಕೈಚಾಚಿದರು. ಆ ಸಂತೋಷದಲ್ಲಿ ನಾನು ಸವರುವುದನ್ನೇ ಮರೆತು ಕೂರಲು ಹೊರಟೆ. ಮಾಸ್ತರು ದಡಬಡಿಸಿ ಎದ್ದು ಬಂದು, ನನ್ನ ತೋಳು ಹಿಡಿದು ನಿಲ್ಲಿಸಿ, ಕುರ್ಚಿಯನ್ನು ತಾವೇ ಅಂಗೈಯಿಂದ ಎರಡೆರಡು ಸಲ ಸವರಿದರು. ಪೈಪು ಅವರ ಬಾಯಲ್ಲೇ ಇತ್ತು.