ಬಾಳೆಲೆಯಲ್ಲಿ ಸುಟ್ಟ ಮೀನಿನ ಮೊಟ್ಟೆ

ನಾವು ಮಲೆಕುಡಿಯರು. ಮನೆ ಕಡಬದ ಆಚೆ, ಕಾಡಿನ ಅಂಚಿನಲ್ಲಿ, ಹೊಳೆಗೆ ಸೇರುವ ಸಣ್ಣ ತೋಡಿನ ಬದಿಯಲ್ಲಿ. ಅಲ್ಲಿಂದ ಹೊರಟ ನನ್ನ ಅಣ್ಣ ಕಡಲಿನ ಮೀನುಗಳ ಪರವಾಗಿ ಮಾತನಾಡುವವನಾದ. ಮಳೆಗಾಲ ಮೀನು ಮೊಟ್ಟೆಯಿಡುವ ಸಮಯ, ಆಗ ಕಡಲ ತಳ ಬಾಚುವ ಟ್ರಾಲ್ ದೋಣಿಗಳು ದಡದಲ್ಲೇ ಇರಬೇಕು ಎಂದು ಎಪ್ಪತ್ತರ ದಶಕದುದ್ದಕ್ಕೂ ಬಂದರಿನಿಂದ ಬಂದರಿಗೆ ಅಲೆದ.

“ಜೇನು ತೆಗೆಯುದು ಬಿಟ್ಟು ನಿಂಗೆ ಕಡಲಿನ ಸುದ್ದಿ ಎಂತಕ್ಕೆ ಮಾರಾಯ?” ಎಂದು ದೋಣಿಯವರು ನಗುತ್ತಿದ್ದರಂತೆ.

“ನಮ್ಮ ತೋಡಿನ ನೀರು ಉಪ್ಪಿನಂಗಡಿ ದಾಟಿ ಮತ್ತೆ ಎಲ್ಲಿಗೆ ಬರುದು?” ಎಂದು ಇವನು ಕೇಳುತ್ತಿದ್ದನಂತೆ.

ಕೊನೆಗೆ ಒಂದು ಊರಿನ ದೋಣಿಯವರು ಒಪ್ಪಿದರು. ಅದನ್ನು ಹೇಳಲೆಂದೇ ಅಣ್ಣ ಮನೆಗೆ ಬಂದ. ಎಂ.ಎ. ಪರೀಕ್ಷೆ ಮುಗಿಸಿ ನಾನೂ ಅಲ್ಲಿದ್ದೆ.

ಮೊದಲ ಮಳೆಗೆ ಹೊಳೆಯ ಮೀನು ಮೊಟ್ಟೆಯಿಡಲು ತೋಡಿಗೆ ಹತ್ತುತ್ತದೆ. ಅಮ್ಮ ನೀರಿಗೆ ಅಡ್ಡಲಾಗಿ ಬಿದಿರಿನ ಕೂಳಿ ಇಟ್ಟು ಹಿಡಿದಿದ್ದಳು. ಮೀನು ನಮಗೆಲ್ಲ ಸಾರಾಯಿತು. ಮೊಟ್ಟೆಯನ್ನು ಮಾತ್ರ ಬೇರೆ ತೆಗೆದು, ಉಪ್ಪು ಮೆಣಸು ಹಚ್ಚಿ, ಬಾಳೆಲೆಯಲ್ಲಿ ಕಟ್ಟಿ ಕೆಂಡದಲ್ಲಿ ಸುಟ್ಟು ಅಣ್ಣನ ಮುಂದಿಟ್ಟಳು. ಚಿಕ್ಕಂದಿನಲ್ಲಿ ಅದಕ್ಕಾಗಿ ನನ್ನೊಡನೆ ಜಗಳವಾಡುತ್ತಿದ್ದವನು, ಈಗ ಎಲೆ ಬಿಚ್ಚಿ ನೋಡಿ ಪಕ್ಕಕ್ಕೆ ಸರಿಸಿದ.

“ಎಂತ ಮಗಾ, ಖಾರ ಉಂಟಾ?”

“ಅಮ್ಮ, ನಾನು ಊರೂರಿಗೆ ಹೋಗಿ ಹೇಳುದು ಎಂತ ಅಂತ ನಿಂಗೆ ಗೊತ್ತುಂಟಾ?”

“ಗೊತ್ತಿಲ್ಲದೆ ಎಂತ? ಅದು ಕಡಲಿನ ಮೀನಿನದ್ದಲ್ವಾ? ಇದು ನಮ್ಮ ತೋಡಿನದ್ದು.”

ನಾನು ನಕ್ಕೆ. ಅಣ್ಣ ಕೈ ತೊಳೆದು ಎದ್ದ. ಅಮ್ಮ ಎಲೆಯನ್ನು ಮತ್ತೆ ಮಡಚಿದಳು. ಅತ್ತಳೇ? ಅತ್ತಳೆಂದು ನನ್ನ ನೆನಪು ಹೇಳುತ್ತದೆ. ಆದರೆ ಮುಂದೆ ಏನಾಯಿತೆಂದು ತಿಳಿದ ನೆನಪು ಅದು, ನಂಬುವುದು ಕಷ್ಟ. ಒಲೆಯ ಹೊಗೆಯೂ ಇತ್ತು.

ಬೆಳಿಗ್ಗೆ ಅವನು ಹೊರಟುಹೋದ ಮೇಲೆ ಅಮ್ಮ ಅಂದಳು, “ಮುಂದಿನ ಸಲ ಕೋಳಿ ಮಾಡ್ತೇನೆ, ಬರ್ಲಿ.”

ಅದೇ ಮಳೆಗಾಲ ಜ್ವರ ಬಂದು ಅಮ್ಮ ತೀರಿಕೊಂಡಳು. ಉಪ್ಪಿನಂಗಡಿಯಲ್ಲಿ ನೆರೆ ಬಂದು ಬಸ್ಸು ನಿಂತಿತ್ತು. ಅಣ್ಣ ತಲುಪುವಾಗ ಎಲ್ಲ ಮುಗಿದಿತ್ತು. ಕೋಳಿಯ ಮಾತು ಹೇಳಿದೆ. ಅವನು ಹೋಗಿ ತೋಡಿನ ಬದಿಯಲ್ಲಿ ಕೂತ.

ಕೆಲವು ವರ್ಷಗಳ ಬಳಿಕ, ಎಂಬತ್ತರ ದಶಕದಲ್ಲಿ, ಪುತ್ತೂರಿನ ದರ್ಬೆಯಲ್ಲಿ ಅವನ ಭಾಷಣ ಕೇಳಿದೆ. “ಮೊಟ್ಟೆಯಿರುವ ಮೀನು ಕೂಳಿಗೆ ಬಿದ್ದರೆ ನನ್ನ ಅಮ್ಮ ನೀರಿಗೇ ಬಿಡುತ್ತಿದ್ದಳು. ನಾನು ಕಲಿತದ್ದು ಅವಳಿಂದ” ಎಂದ. ಜನ ಚಪ್ಪಾಳೆ ತಟ್ಟಿದರು. ಸುಳ್ಳು ಹೇಳುವವನ ಧ್ವನಿ ಅದಾಗಿರಲಿಲ್ಲ.

ಹೊರಗೆ ಬಂದವನು ನನ್ನ ಮುಖ ನೋಡಿ ಕೇಳಿದ: “ಅಮ್ಮ ಹಾಗೇ ಮಾಡ್ತಿದ್ದದ್ದಲ್ವಾ?”

“ಹೌದಣ್ಣ” ಎಂದೆ.

ಮಡಚಿದ ಆ ಎಲೆಯನ್ನು ಅಮ್ಮ ಆಮೇಲೆ ಏನು ಮಾಡಿದಳು? ನೆನಪಿಟ್ಟುಕೊಳ್ಳಲು ನಾನೊಬ್ಬಳೇ ಉಳಿದಿದ್ದೆ. ನನಗೂ ನೆನಪಿಲ್ಲ.