ಪಿಯಾನೋ ಹೊರಲು ನಾಲ್ಕನೆಯವನು

ರೆಗ್ ಸಗ್ಡನ್‌ಗೆ ಒಂದು ದರಿದ್ರ ಅಭ್ಯಾಸವಿತ್ತು. ಏನು ಕೇಳಿದರೂ ಮೊದಲು ಬೇಡ ಎನ್ನುವುದು. ಇಂಗ್ಲೆಂಡಿನ ಕಡಲ ದಂಡೆಯ ಊರು ಸ್ಕಾರ್ಬರೋದಲ್ಲಿ ಅವನ ಓರಗೆಯವರೆಲ್ಲ ಹಾಗೇ ಅನ್ನಿ. ಎದುರಿನವರು ಇನ್ನೊಮ್ಮೆ ಒತ್ತಾಯ ಮಾಡಬೇಕು, ಆಗ ‘ಇಷ್ಟು ಹೇಳ್ತೀರಲ್ಲ, ಆಯ್ತು’ ಎಂದು ಒಪ್ಪಬೇಕು. ಆದರೆ ರೆಗ್‌ನ ಗ್ರಹಚಾರ, ಅವನನ್ನು ಎರಡನೇ ಸಲ ಕೇಳುವವರೇ ಇರಲಿಲ್ಲ. ಪ್ರಾಯದಲ್ಲಿ ಡೊರೀನ್ ಎಂಬವಳು ಕುಣಿಯಲು ಕರೆದಳು. ಬೇಡ ಎಂದ. ಅವಳು ಪಕ್ಕದವನನ್ನು ಕರೆದಳು, ಅವನನ್ನೇ ಮದುವೆಯೂ ಆದಳು. ಪುಣ್ಯಾತ್ಮ ಆಮೇಲೂ ಬುದ್ಧಿ ಕಲಿಯಲಿಲ್ಲ.

ಮನೆ ಸಾಮಾನು ಸಾಗಿಸುವ ಕೆಲಸದಿಂದ ನಿವೃತ್ತನಾಗಿ, ಬೆಕ್ಕೊಂದನ್ನು ಬಿಟ್ಟರೆ ಮಾತಿಗೆ ಗತಿಯಿಲ್ಲದೆ ಕೂತಿದ್ದಾಗ ಅದೇ ಬೀದಿಯ ರೋರಿ ಬಾಗಿಲು ತಟ್ಟಿದ. ಗಿಟಾರೇ ಇಲ್ಲದ ರಾಕ್ ತಂಡ ಅವನದು. ಪಿಯಾನೋಗೆ ರೋರಿ, ಹಾಡಿಗೆ ಜೆಮ್ಮಾ, ಡ್ರಮ್ಸಿಗೆ ಕ್ರೇಗ್. ಕರೆಂಟಿನ ಪಿಯಾನೋ ಪಿಯಾನೋವೇ ಅಲ್ಲ ಎಂದು ರೋರಿಯ ಹಟ. ಹಾಗಾಗಿ ಮರದ ಹಳೇ ಪಿಯಾನೋವನ್ನು ಪಬ್ಬಿಂದ ಪಬ್ಬಿಗೆ ಹೊರುತ್ತಿದ್ದರು. ಹೊರಲು ನಾಲ್ವರು ಬೇಕು, ಇದ್ದವರು ಮೂವರು.

“ಎತ್ತೋಕೆ ಒಂದ್ ಕೈ ಹಾಕ್ತೀಯಾ, ರೆಗ್?”

“ಬೇಡಪ್ಪ, ಸೊಂಟ ಬಿದ್ದೋಗಿದೆ.”

“ಬಿದ್ದೋದ್ರೆ ನಿನ್ನನ್ನೂ ಎತ್ಕೊಂಡ್ ಬರ್ತೀವಿ, ಬಾ ಮಾರಾಯ!”

ಎರಡನೇ ಸಲ ಕರೆದರಲ್ಲ, ಅಷ್ಟು ಸಾಕಾಯಿತು. ರೆಗ್ ಅವರವನಾಗಿಬಿಟ್ಟ.

ಎರಡು ಚಳಿಗಾಲ ಹಾಗೇ ಕಳೆಯಿತು. ಕುಡಿದವರು ಕೂಗುವರು: “ಗಿಟಾರೆಲ್ರೋ? ಅಡ ಇಟ್ರಾ?” ಮೂಲೆಯಿಂದ ರೆಗ್ ಗುಡುಗುವನು: “ಬಾಯ್ಮುಚ್ಕೊಂಡು ಕೇಳ್ರೋ!” ಕಾರ್ಯಕ್ರಮ ಮುಗಿದ ಮೇಲೆ ಜೆಮ್ಮಾ ತನ್ನ ಚಿಪ್ಸಿನಲ್ಲಿ ಅವನಿಗೂ ಪಾಲು ಕೊಡುವಳು. ವ್ಯಾನಿನಲ್ಲಿ ಜಗಳ, ನಗು, ಒಬ್ಬರ ಮೇಲೊಬ್ಬರು ಒರಗಿ ನಿದ್ದೆ. ಅಷ್ಟು ಸುಖ ಅವನು ಜನ್ಮದಲ್ಲಿ ಕಂಡಿರಲಿಲ್ಲ.

ಆಮೇಲೆ ಲಂಡನ್ನಿನ ರೆಕಾರ್ಡ್ ಕಂಪನಿಯೊಂದು ಹುಡುಗರನ್ನು ಒಪ್ಪಿಕೊಂಡು ಅಲ್ಲಿಗೇ ಬರಹೇಳಿತು. ಒಪ್ಪಿದ್ದೇ ತಡ, ಕರೆಂಟಿನ ಪಿಯಾನೋ ಒಂದನ್ನು ಕಳಿಸಿತು. ಕ್ರೇಗ್ ಒಬ್ಬನೇ ಅದನ್ನು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲು ಹತ್ತಿದ. ರೋರಿಯ ಹಟ ಎಲ್ಲಿ ಹೋಯಿತೋ! ಇನ್ನು ಹೊರಲು ರೆಗ್ ಬೇಕಿರಲಿಲ್ಲ. ಆದರೂ ವ್ಯಾನ್ ಓಡಿಸಲು ಒಬ್ಬ ಬೇಕಲ್ಲ ಎಂದು ಆಸೆಪಟ್ಟ. ಯಾರೂ ಕರೆಯದಿದ್ದರೂ ಬ್ಯಾಗಿಗೆ ಎರಡು ಅಂಗಿ ತುರುಕಿದ. ಬೆಕ್ಕನ್ನು ಪಕ್ಕದ ಮನೆಯ ಮಿಸೆಸ್ ಹಾಯ್ಲ್‌ಗೆ ಒಪ್ಪಿಸಿ, “ಲಂಡನ್ನಿಗೆ ಹೊರಟೆ, ಹುಡುಗ್ರು ಬಿಡ್ತಾ ಇಲ್ಲ” ಎಂದು ಜಂಬವನ್ನೂ ಕೊಚ್ಚಿದ. ಬ್ಯಾಗನ್ನು, ಹುಡುಗರು ಹೊರಡಲಿದ್ದ ಪಬ್ಬಿನ ಒಡತಿ ಬ್ರೆಂಡಾಳ ಹತ್ತಿರ ಬಚ್ಚಿಟ್ಟ.

ಶನಿವಾರ ಮಧ್ಯಾಹ್ನ ಪಬ್ಬಿನ ಮುಂದೆ ವ್ಯಾನ್ ತುಂಬುತ್ತಿದ್ದರು.

“ನೀನೂ ಬಾರೋ ರೆಗ್, ವ್ಯಾನ್ ಓಡ್ಸು,” ಎಂದ ರೋರಿ.

ಜೀವ ಕುಣಿಯಿತು. ಆದರೆ ಹಾಳು ನಾಲಿಗೆ ಕೇಳಬೇಕಲ್ಲ. “ಬೇಡ ಮಗಾ, ಮುದುಕ ನಾನ್ಯಾಕೆ ನಿಮ್ಮ ಕಾಲಿಗೆ ಅಡ್ಡ?”

ಇನ್ನೊಮ್ಮೆ ಕರೆಯಲಿ ಎಂದು ಕಾದ. ರೋರಿಯ ಮುಖ ನಿರಾಳವಾಯಿತು. “ಸರಿ ಹಾಗಾದ್ರೆ,” ಎಂದು ತಬ್ಬಿಕೊಂಡ. ಜೆಮ್ಮಾ ಕೆನ್ನೆಗೆ ಮುತ್ತಿಟ್ಟಳು. ಕ್ರೇಗ್ ಗಾಡಿ ಚಾಲೂ ಮಾಡಿದ.

ರೆಗ್ ಓಡಿಹೋಗಿ ಕಿಟಕಿ ಹಿಡಿದುಕೊಂಡ. “ತಾಳೋ! ನಂಗೆ... ನಂಗೂ ಬರಬೇಕು ಅನ್ಸತ್ತೆ ಕಣೋ.” ಬಾಯಿಬಿಟ್ಟು ಬೇಕು ಎಂದದ್ದು ಅದೇ ಮೊದಲು.

ಮೂವರೂ ಮುಖ ಮುಖ ನೋಡಿಕೊಂಡರು. “ಬಾ ಬಾ, ಅದಕ್ಕೇನಂತೆ,” ಎಂದ ರೋರಿ. “ಹೇಗೋ ಜಾಗ ಮಾಡ್ಕೊಳ್ಳೋಣ.”

ಆ ದನಿ ರೆಗ್‌ಗೆ ಚೆನ್ನಾಗಿ ಗೊತ್ತಿತ್ತು. ಹೊರಟು ನಿಂತವರಿಗೆ ಊಟ ಮಾಡ್ಕೊಂಡು ಹೋಗಿ ಎನ್ನುವ ದನಿ ಅದು. ಅದಕ್ಕೆ ಏನು ಉತ್ತರ ಹೇಳಬೇಕೆಂಬುದೂ ಗೊತ್ತಿತ್ತು.

“ತಮಾಷೆಗಂದೆ ಕಣ್ರೋ! ಹೊರಡಿ, ಹೊತ್ತಾಗತ್ತೆ.”

ವ್ಯಾನ್ ಹೋಯಿತು. ಬ್ರೆಂಡಾ ಬಾಗಿಲಿಗೆ ಬಂದು ಬೈದಳು: “ಬ್ಯಾಗ್ ಒಳಗಿದೆಯಲ್ಲೋ ಪೆದ್ದ! ಕರೆದ್ರಲ್ಲ, ಹೋಗೋಕೇನಾಗಿತ್ತು?”

“ನಂಗೆ ಅವ್ರು ಬೇಕಿತ್ತು ಬ್ರೆಂಡಾ. ಅವ್ರಿಗೆ ನಾನು ಬೇಕಿರ್ಲಿಲ್ಲ.”

ಅವಳು ಬ್ಯಾಗ್ ತಂದುಕೊಟ್ಟಳು. ರೆಗ್ ಮನೆಗೆ ಹೋಗಲಿಲ್ಲ. ಪಕ್ಕದ ಮನೆಯ ಮಿಸೆಸ್ ಹಾಯ್ಲ್ ನೋಡಿಬಿಟ್ಟಾಳು, ಅವಳು ಕಿಟಕಿಯ ಪರದೆ ಎಳೆಯುವುದು ಕತ್ತಲಾದ ಮೇಲೆ. ಅಲ್ಲಿಯವರೆಗೆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕಡಲ ದಂಡೆಯ ಬೆಂಚಿನಲ್ಲಿ ಕೂತಿದ್ದ.